ವೈಟ್‌ನರ್ ಬಳಿದ ಅಂಕಿಗಳು

2020ರ ಫೆಬ್ರುವರಿ 3ರಂದು ಮಲಾವಿಯ ಐವರು ನ್ಯಾಯಾಧೀಶರು ಗುಂಡುನಿರೋಧಕ ಕವಚ ತೊಟ್ಟು, ಸೈನಿಕರ ಕಾವಲಿನಲ್ಲಿ ನ್ಯಾಯಾಲಯಕ್ಕೆ ಬಂದರು. ತೀರ್ಪು ಓದಿ ಮುಗಿಸಲು ಸುಮಾರು ಹತ್ತು ಗಂಟೆ ಹಿಡಿಯಿತು. ಹಿಂದಿನ ವರ್ಷದ ಅಧ್ಯಕ್ಷೀಯ ಚುನಾವಣೆಯ ಎಣಿಕೆ ಪಟ್ಟಿಗಳಲ್ಲಿ ಅಂಕಿಗಳ ಮೇಲೆ ವೈಟ್‌ನರ್ ಬಳಿದು ತಿದ್ದಲಾಗಿತ್ತು. ಪೀಟರ್ ಮುಥಾರಿಕಾ ಅವರ ಗೆಲುವು ರದ್ದಾಯಿತು. ಜೂನ್‌ನಲ್ಲಿ ಮರುಚುನಾವಣೆ ನಡೆದು, ಪಾದ್ರಿಯಾಗಿದ್ದ ಲಾಜರಸ್ ಚಕ್ವೇರಾ ಗೆದ್ದರು.

ನನ್ನ ಸಂಶೋಧನೆಯ ಟಿಪ್ಪಣಿಗಳಲ್ಲಿ ಕಥೆ ಇಲ್ಲಿಗೆ ಮುಗಿದಿತ್ತು. ಆಫ್ರಿಕಾ ಎಂದರೆ ಸೇನಾದಂಗೆ ಎನ್ನುವವರ ಮುಂದೆ ಹಿಡಿಯಲು ಒಳ್ಳೆಯ ಉದಾಹರಣೆ ಸಿಕ್ಕಿತೆಂದು ಒಳಗೊಳಗೇ ಬೀಗಿದ್ದೆ.

ಆದರೆ ಅಲ್ಲಿನ ಜನರ ಬದುಕು ನನ್ನ ಅಧ್ಯಾಯದ ಜೊತೆ ಮುಗಿಯಲಿಲ್ಲ. 2023ರ ಮಾರ್ಚ್‌ನಲ್ಲಿ ಫ್ರೆಡ್ಡಿ ಚಂಡಮಾರುತ ದೇಶದ ದಕ್ಷಿಣ ಭಾಗವನ್ನು ಕೊಚ್ಚಿಹಾಕಿತು. ನವೆಂಬರ್‌ನಲ್ಲಿ ಕೇಂದ್ರೀಯ ಬ್ಯಾಂಕು ಕ್ವಾಚಾವನ್ನು ಅಪಮೌಲ್ಯಗೊಳಿಸಿ ಡಾಲರಿನ ದರವನ್ನು ಶೇ. 44ರಷ್ಟು ಏರಿಸಿತು. ವಿದೇಶಿ ವಿನಿಮಯವಿಲ್ಲದೆ ಪೆಟ್ರೋಲ್ ಬಂಕುಗಳ ಮುಂದೆ ಸಾಲು ಬೆಳೆಯಿತು. ಮೆಕ್ಕೆಜೋಳವೇ ಊಟವಾಗಿರುವ ನಾಡಿನಲ್ಲಿ ಅದರ ಬೆಲೆ ಕೈಗೆಟುಕದಾಯಿತು. 2025ರ ಸೆಪ್ಟೆಂಬರ್‌ನಲ್ಲಿ ಮತದಾರರು 85 ವರ್ಷದ ಮುಥಾರಿಕಾ ಅವರನ್ನೇ ಶೇ. 56ಕ್ಕೂ ಹೆಚ್ಚು ಮತ ಕೊಟ್ಟು ವಾಪಸು ಕರೆತಂದರು.

"ಹಾಗಾದರೆ ಆ ತೀರ್ಪು ದಂಡವಾಯಿತಲ್ಲ?" ಎಂದು ಗೆಳೆಯನೊಬ್ಬ ಕೇಳಿದ. ಇಲ್ಲ ಎಂದೆ, ಸ್ವಲ್ಪ ಅವಸರದಲ್ಲೇ. 'ಪ್ರಜಾಪ್ರಭುತ್ವ ಮತ್ತು ಉತ್ತಮ ಆಡಳಿತ' ಎಂದು ನಾವು ಒಂದೇ ಉಸಿರಿಗೆ ಹೇಳುತ್ತೇವೆ, ಎರಡೂ ಅವಳಿಗಳೋ ಎಂಬಂತೆ. ನ್ಯಾಯಾಲಯ ಮತವನ್ನು ಸರಿಯಾಗಿ ಎಣಿಸಿರೆಂದು ಹೇಳಬಲ್ಲದು. ಡಾಲರನ್ನೂ ಗೊಬ್ಬರವನ್ನೂ ತಂದುಕೊಡಲಾರದು. ಬೀದಿಗಿಳಿದು ತಿಂಗಳುಗಟ್ಟಲೆ ಪ್ರತಿಭಟಿಸಿದವರಿಗೆ ನ್ಯಾಯದ ಬೆನ್ನಿಗೇ ಅನ್ನ ಬರುತ್ತದೆಂದು ನಂಬಿಸಿದವರಲ್ಲಿ ರಾಜಕಾರಣಿಗಳಷ್ಟೇ ಇದ್ದಾರೆಯೇ? ನನ್ನಂಥ ಸಂಶೋಧಕರ ಪಾಲೂ ಇದೆ.

ಆದರೂ ಈ ವಾದ ನನಗೇ ಪೂರ್ತಿ ಒಗ್ಗುವುದಿಲ್ಲ. ನಿಮ್ಮ ಮತವನ್ನು ನೆಟ್ಟಗೆ ಎಣಿಸಿದ್ದಾರೆ, ಅಷ್ಟು ಸಾಲದೇ ಎಂದು ಹಸಿದವರಿಗೆ ಹೇಳಲು ಹೊಟ್ಟೆ ತುಂಬಿದ ನನಗೇನು ಅಧಿಕಾರ? ಅವರು ಮಾತ್ರ ಎಣಿಕೆಯ ಮೇಲೆ ನಂಬಿಕೆ ಬಿಡಲಿಲ್ಲ. ಸೈನ್ಯವನ್ನು ಕರೆಯದೆ ಮತ್ತೆ ಸಾಲಿನಲ್ಲಿ ನಿಂತು, ಐದು ವರ್ಷದ ಹಿಂದೆ ತಾವೇ ಗೆಲ್ಲಿಸಿದವರನ್ನು ಸೋಲಿಸಿದರು. ಸೆಪ್ಟೆಂಬರ್ 24ರಂದು, ಅಧಿಕೃತ ಘೋಷಣೆಗೆ ಮೊದಲೇ, ಚಕ್ವೇರಾ ಸೋಲೊಪ್ಪಿಕೊಂಡರು. ಪೆಟ್ರೋಲಿನ ಸಾಲು ಆಗಲೂ ಕರಗಿರಲಿಲ್ಲ.