ರೋಗಿಯ ನಿದ್ರೆಯೂ ನಮ್ಮ ಸೇವೆಯೂ

ಬೃಹದಾರಣ್ಯಕೋಪನಿಷತ್ತಿನಲ್ಲಿ ಯಾಜ್ಞವಲ್ಕ್ಯ ಮಹರ್ಷಿಯು ಜನಕರಾಜನಿಗೆ ನಿದ್ರೆಯ ಸ್ವರೂಪವನ್ನು ವಿವರಿಸುವಾಗ ಲೋಕರೂಢಿಯ ಒಂದು ಮಾತು ಬರುತ್ತದೆ. ಮಲಗಿರುವವನನ್ನು ಥಟ್ಟನೆ ಎಬ್ಬಿಸಬಾರದು, ಅದರಿಂದಾಗುವ ಕೇಡಿಗೆ ಚಿಕಿತ್ಸೆ ದುಸ್ತರ ಎಂಬುದು ಅದರ ಭಾವ. ಚರಕಸಂಹಿತೆಯೂ ಆಹಾರ, ನಿದ್ರೆ, ಬ್ರಹ್ಮಚರ್ಯಗಳನ್ನು ಶರೀರದ ಮೂರು ಉಪಸ್ತಂಭಗಳೆಂದು ಎಣಿಸುತ್ತದೆ. ಸದ್ಭಕ್ತರೇ, ಇವುಗಳಲ್ಲಿ ಆಹಾರವನ್ನು ನಾವು ಮರೆಯುವುದಿಲ್ಲ. ಗಂಜಿ, ಎಳನೀರು, ಹಣ್ಣುಗಳು ರೋಗಿಯ ಮಂಚದ ಬಳಿಗೆ ತಪ್ಪದೆ ಬರುತ್ತವೆ. ಅವನ ನಿದ್ರೆಯನ್ನು ಕಾಯುವವರು ಯಾರು?

ಮೈಸೂರಿನ ಲಷ್ಕರ್ ಮೊಹಲ್ಲಾಕ್ಕೆ ಅನತಿದೂರದಲ್ಲಿ ಕೃಷ್ಣರಾಜೇಂದ್ರ ಆಸ್ಪತ್ರೆಯಿದೆ. ಸುತ್ತಣ ಜಿಲ್ಲೆಗಳ ಬಡಜನರಿಗೆ ಅದೇ ಆಸರೆ. ಪೇಟೆಯ ನಡುವಿನ ಯಾವುದೇ ದೊಡ್ಡಾಸ್ಪತ್ರೆಯ ಸಾಮಾನ್ಯ ವಾರ್ಡನ್ನು ನೆನೆದುಕೊಳ್ಳಿರಿ. ಹೊರಗೆ ವಾಹನಗಳ ಹಾರ್ನ್. ಒಳಗೆ ಪಕ್ಕದ ಮಂಚದವರ ಕೆಮ್ಮು, ಆರದ ದೀಪ, ನಸುಕಿನಲ್ಲೇ ರಕ್ತ ತೆಗೆಯಲು ಬರುವ ಸಿಬ್ಬಂದಿ. ಇವೆಲ್ಲದರ ಮೇಲೆ ನೋವು, ನಾಳೆಯ ಶಸ್ತ್ರಚಿಕಿತ್ಸೆಯ ಭಯ, ಮನೆಯಲ್ಲಿ ಬಿಟ್ಟುಬಂದ ದನಕರುಗಳ ಚಿಂತೆ. ಇದು ಕೇವಲ ನಮ್ಮ ಬಡತನದ ಫಲವೆಂದೂ ತಿಳಿಯಬೇಕಾಗಿಲ್ಲ. ಸಿರಿವಂತ ದೇಶವಾದ ನೆದರ್ಲೆಂಡ್ಸ್‌ನ 39 ಆಸ್ಪತ್ರೆಗಳಲ್ಲಿ 2017ರಲ್ಲಿ ಎರಡು ಸಾವಿರ ರೋಗಿಗಳನ್ನು ವಿಚಾರಿಸಿದಾಗ, ಅವರು ಮನೆಯಲ್ಲಿ ಮಲಗುವುದಕ್ಕಿಂತ ಸರಾಸರಿ 83 ನಿಮಿಷ ಕಡಿಮೆ ಮಲಗಿದ್ದರೆಂದು ತಿಳಿದುಬಂದಿತು. ಮೂರರಲ್ಲೊಂದು ಪಾಲಿಗೂ ಮಿಕ್ಕವರನ್ನು ಎಬ್ಬಿಸಿದ್ದು ಆಸ್ಪತ್ರೆಯ ಸಿಬ್ಬಂದಿಯೇ!

ಎಬ್ಬಿಸುವುದೆಲ್ಲ ಅಪರಾಧವಲ್ಲ. ತಲೆಗೆ ಪೆಟ್ಟು ಬಿದ್ದವನಿಗೆ ಪ್ರಜ್ಞೆಯಿದೆಯೇ ಎಂದು ರಾತ್ರಿಯೆಲ್ಲ ನೋಡುತ್ತಿರಬೇಕಾದೀತು. ಒಬ್ಬಳೇ ಹತ್ತಾರು ಮಂಚಗಳನ್ನು ನೋಡಿಕೊಳ್ಳುವ ದಾದಿಯನ್ನು ದೂರುವುದೂ ನ್ಯಾಯವಲ್ಲ. ಆದರೆ ಚೇತರಿಸಿಕೊಳ್ಳುತ್ತಿರುವವನನ್ನು ಪಾಳಿ ಮುಗಿಯುವ ಮುನ್ನ ಪಟ್ಟಿ ತುಂಬಲೆಂದೇ ಎಬ್ಬಿಸಿದರೆ, ಆ ಎಚ್ಚರ ಯಾರಿಗಾಗಿ?

ಈ ಪ್ರಶ್ನೆ ನಮ್ಮನ್ನೂ ಬಿಡದು. ಊರಿನಿಂದ ತಡವಾಗಿ ಬಂದ ಬಂಧುಗಳು ಆಗತಾನೆ ಕಣ್ಣುಮುಚ್ಚಿದವನ ಭುಜ ಅಲುಗಿಸಿ, "ಅಣ್ಣಾ, ಯಾರು ಬಂದಿದ್ದಾರೆ ನೋಡು" ಎನ್ನುತ್ತಾರೆ. ಪ್ರೀತಿಯೇನೋ ನಿಜ, ಆದರೆ ಆ ಪ್ರೀತಿಗೆ ಸಾಕ್ಷಿ ಬೇಕಾಗಿದೆ. ಮಾಡಿದೆನೆಂಬ ಭಾವವಳಿದಲ್ಲದೆ ದಾಸೋಹವಿಲ್ಲವೆಂದು ಬಲ್ಲ ನಮಗೆ, ಬಂದೆನೆಂಬ ಭಾವವನ್ನು ವಾರ್ಡಿನ ಬಾಗಿಲಲ್ಲಿ ಬಿಡಲಾಗದೇ? ಉತ್ಸವಗಳ ಧ್ವನಿವರ್ಧಕದ ಮಾತೂ ಇದೇ. ಲಷ್ಕರ್ ಮೊಹಲ್ಲಾದಲ್ಲಿ ಗುಡಿ, ಮಸೀದಿ, ಚರ್ಚುಗಳು ಮೂರೂ ಇವೆ. ಜ್ವರದವನ ಕಿವಿಗೆ ಮೂರರ ಸದ್ದೂ ಒಂದೇ. ನಿಶ್ಶಬ್ದ ವಲಯವೆಂದು ಸಾರಿದ ಆಸ್ಪತ್ರೆಯ ನೆರೆಯಲ್ಲಿ ರಾತ್ರಿ ಶಬ್ದವು 40 ಡೆಸಿಬೆಲ್ ಮೀರಕೂಡದೆಂದು 2000ದ ನಿಯಮಗಳು ಹೇಳುತ್ತವೆ. ಕರುಣೆ ಹೇಳಬೇಕಾದುದನ್ನು ಕಾನೂನು ಹೇಳಬೇಕಾಯಿತು.

ಎಬ್ಬಿಸದೆ ಹೋದರೆ ಯಾರೂ ಬರಲಿಲ್ಲವೆಂದು ರೋಗಿ ಕೊರಗಲಾರನೇ ಎಂದು ತಾವು ಕೇಳಬಹುದು. ಕೊರಗಬಹುದು. ಇಂಥವರು ಬಂದರೆ ಎಬ್ಬಿಸಿರೆಂದು ಅವನೇ ಹೇಳಿಟ್ಟಿದ್ದರೆ, ಅದರಲ್ಲೂ ಕೊನೆಗಾಲದಲ್ಲಿದ್ದರೆ, ಅವನ ಮಾತೇ ನಡೆಯಲಿ. ಹಾಗಿಲ್ಲದಿದ್ದರೆ ಹಣ್ಣಿನ ಚೀಲವನ್ನು ಆರೈಕೆಯವರ ಕೈಗಿತ್ತು ಹೊರಗೆ ಕುಳಿತಿರಿ. ಬಸ್ಸಿಗೆ ಹೊತ್ತಾದರೆ ಹಾಗೆಯೇ ಹೊರಡಿರಿ. ಎದ್ದ ಮೇಲೆ ಅವರು ಹೇಳುತ್ತಾರೆ.