ಮಗ್ಗದ ಸದ್ದು, ಮನೆಯ ಮಾತು

ಸೊಲ್ಲಾಪುರದ ಚಾದರವನ್ನು ಹೊದೆಯದವರು ನಮ್ಮ ಸೀಮೆಯಲ್ಲಿ ವಿರಳ. ಅದರ ಬಣ್ಣವನ್ನೂ ಬಾಳಿಕೆಯನ್ನೂ ಹೊಗಳುವ ನಾವು, ಅದು ಹುಟ್ಟುವಾಗ ಎದ್ದ ಸದ್ದನ್ನು ನೆನೆಯುವುದಿಲ್ಲ. ಲಾಳಿಯುಳ್ಳ ಯಂತ್ರಮಗ್ಗಗಳ ಸಾಲಿನಲ್ಲಿ ಸದ್ದು 100 ಡೆಸಿಬೆಲ್ಲಿನ ಆಸುಪಾಸಿಗೆ ಏರುವುದುಂಟು. ದಿನಕ್ಕೆ 8 ಗಂಟೆ ದುಡಿಯುವವನಿಗೆ 85 ಡೆಸಿಬೆಲ್ ಮಿತಿಯೆಂದೂ, ಆಮೇಲೆ ಏರುವ ಪ್ರತಿ 3 ಡೆಸಿಬೆಲ್ಲಿಗೆ ಅವಧಿಯು ಅರ್ಧಕ್ಕೆ ಇಳಿಯಬೇಕೆಂದೂ ತಜ್ಞರ ಒಂದು ಲೆಕ್ಕವಿದೆ. ವಿದ್ಯಾರ್ಥಿಗಳು ತಾವೇ ಗುಣಿಸಿ ನೋಡಲಿ: 100ಕ್ಕೆ ಉಳಿಯುವುದು 15 ನಿಮಿಷ.

ತಿಳಿಯದೆ ಆದ ತಪ್ಪು ಎನ್ನುವಂತಿಲ್ಲ. ತಾಮ್ರ ಬಡಿಯುವವರು ಕಿವುಡರಾಗುವುದನ್ನು ಇಟಲಿಯ ವೈದ್ಯ ರಾಮಝಿನಿ 1713ರಲ್ಲಿಯೇ ಬರೆದಿಟ್ಟನು. ನಮ್ಮ ದೇಶದಲ್ಲಿ 1948ರ ಕಾರ್ಖಾನೆ ಕಾಯಿದೆಗೆ ಆಮೇಲೆ ಆದ ತಿದ್ದುಪಡಿಯು, ಸದ್ದಿನಿಂದ ಬರುವ ಕಿವುಡನ್ನು ಸರಕಾರಕ್ಕೆ ವರದಿ ಮಾಡಬೇಕಾದ ರೋಗಗಳ ಪಟ್ಟಿಗೆ ಸೇರಿಸಿತು.

ಇನ್ನುಳಿದ ಸಮಾಧಾನ ಒಂದೇ: “ಕೂಲಿಗೆ ಅವನೇ ಒಪ್ಪಿ ಬಂದಿದ್ದಾನಲ್ಲ?” ಒಪ್ಪಿದ್ದಾನೆ, ನಿಜ. ಆದರೆ ಏನನ್ನು ಮಾರಲು? ತನ್ನ ಶ್ರಮವನ್ನು. ಕಿವಿ ಅವನೊಬ್ಬನ ಸೊತ್ತಲ್ಲ. ಅವನೊಡನೆ ಮಾತನಾಡುವವರೆಲ್ಲರಿಗೂ ಅದರಲ್ಲಿ ಪಾಲುಂಟು. ಸದ್ದು ಮೊದಲು ತಿನ್ನುವುದು ಎತ್ತರದ ಸ್ವನಗಳನ್ನು. ಒಳಗಿವಿಯ ಸೂಕ್ಷ್ಮ ರೋಮಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ನಮ್ಮ ವರ್ಣಮಾಲೆಯ ಭಾಷೆಯಲ್ಲಿ ಹೇಳುವುದಾದರೆ, ಸ್ವರಗಳು ಉಳಿಯುತ್ತವೆ, ಸಕಾರ ಶಕಾರ ತಕಾರಗಳು ಮಸುಕಾಗುತ್ತವೆ. ಮಗು ಹೇಳಿದ್ದು ಸತಿಯೋ ಪತಿಯೋ ತಿಳಿಯದು. ದನಿ ಕೇಳುತ್ತದೆ, ಮಾತು ಕೇಳುವುದಿಲ್ಲ.

ಹಾಗಾದರೆ ಅವನ ಕೈಗೊಂದು ಬಿರಡೆ ಕೊಟ್ಟರೆ ಧಣಿಯ ಋಣ ತೀರಿತೆ? (ಹಲವರು ತುರುಕಿಕೊಳ್ಳುವ ಅರಳೆಯಂತೂ ಹೆಸರಿಗೆ ಮಾತ್ರ.) ಯಂತ್ರದ ಸಡಿಲ ಭಾಗಗಳನ್ನು ಬಿಗಿಗೊಳಿಸುವುದು, ಸದ್ದನ್ನು ಮರೆಮಾಡುವುದು, ಪಾಳಿ ಬದಲಿಸಿ ವಿಶ್ರಾಂತಿ ಕೊಡುವುದು ಮೊದಲು ಆಗಬೇಕು, ಬಿರಡೆ ಕೊನೆಯದು. ಅಲ್ಲದೆ ಕಾರ್ಖಾನೆಯೊಳಕ್ಕೆ ಕಿವಿಯೊಂದೇ ನಡೆದು ಬರುವುದಿಲ್ಲ. ಬಣ್ಣ, ಶಾಯಿಗಳಲ್ಲಿರುವ ಟಾಲ್ಯೂಯೀನಿನಂಥ ದ್ರಾವಕಗಳ ಆವಿಯೂ ಶ್ರವಣವನ್ನು ಕೆಡಿಸಬಲ್ಲದು. ಸಕ್ಕರೆ ರೋಗವೂ ಧೂಮಪಾನವೂ ಅದಕ್ಕೆ ಹಿತವಲ್ಲ. ನಿದ್ರೆಗೆಟ್ಟು ದಣಿದವನು ಎಚ್ಚರಿಕೆಯ ಕೂಗಿಗೂ ತಡವಾಗಿ ತಿರುಗುತ್ತಾನೆ. ಕಿವಿಯನ್ನು ಪರೀಕ್ಷಿಸುವ ವೈದ್ಯನು ಆ ಮನುಷ್ಯನ ನಿದ್ರೆಯನ್ನೂ ರಕ್ತದೊತ್ತಡವನ್ನೂ ಮನೆಯನ್ನೂ ವಿಚಾರಿಸಬೇಕೆಂಬುದು ಇದೇ ಕಾರಣಕ್ಕೆ.

ನನ್ನದೇ ಒಂದು ತಪ್ಪನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ. ನನ್ನ ತರಗತಿಯ ಹುಡುಗನೊಬ್ಬನ ತಂದೆ ಮಗ್ಗದ ಕೆಲಸಗಾರ. ಪಾಲಕರ ಸಭೆಯಲ್ಲಿ ಹಿಂದೆ ಕುಳಿತು, ನಾನು ಏನು ಹೇಳಿದರೂ ತಲೆಯಾಡಿಸಿ ಎದ್ದು ಹೋಗುತ್ತಿದ್ದ. ಮಗನ ಓದಿನಲ್ಲಿ ಆಸ್ಥೆಯಿಲ್ಲದವನೆಂದು ಒಂದು ವರ್ಷ ಎಣಿಸಿದ್ದೆ. ಹಿಂದೆ ಲ್ಯಾಂಕಾಶೈರಿನ ಗಿರಣಿಗಳಲ್ಲಿ ನೇಕಾರರು ತುಟಿಗಳ ಚಲನೆಯಿಂದಲೇ ಮಾತನಾಡಿಕೊಳ್ಳುತ್ತಿದ್ದರೆಂದು ಓದಿದ್ದೆನಾದರೂ ಅದು ನೆನಪಿಗೆ ಬರಲಿಲ್ಲ. ಒಂದು ಸಂಜೆ ಅವರ ಮನೆಯ ಮುಂದೆ ಹಾದು ಹೋಗುವಾಗ ಕಂಡೆ: ಹುಡುಗ ಪುಸ್ತಕ ಹಿಡಿದು ತಂದೆಯ ಎದುರಿಗೆ, ದೀಪದ ಬೆಳಕು ತನ್ನ ಬಾಯಿಯ ಮೇಲೆ ಬೀಳುವಂತೆ ಕುಳಿತಿದ್ದ. ಒಂದೊಂದು ಅಕ್ಷರವನ್ನೂ ಬಿಡಿಸಿ ಓದುತ್ತಿದ್ದ. ತಂದೆ ಅವನ ತುಟಿಗಳನ್ನೇ ನೋಡುತ್ತಿದ್ದ.