ಒಪ್ಪಿಗೆಯ ಹೊಣೆ

ಒಬ್ಬರು ಬರೆದುದನ್ನು ಇನ್ನೊಬ್ಬರು ಪರಿಶೀಲಿಸಿ ಒಪ್ಪುವ ಪದ್ಧತಿ ಕನ್ನಡಿಗರಿಗೆ ಹೊಸದಲ್ಲ. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವು ನೃಪತುಂಗನ ಅನುಮತಿ ಪಡೆದ ಕೃತಿಯೆಂದು ತನ್ನನ್ನು ಪರಿಚಯಿಸಿಕೊಳ್ಳುತ್ತದೆ. ಬರೆದವನು ಶ್ರೀವಿಜಯನೆಂದು ವಿದ್ವಾಂಸರು ಹೇಳಿದರೂ, ಒಪ್ಪಿದ ಅರಸನ ಹೆಸರು ಸಾವಿರ ವರ್ಷಗಳಿಂದ ಆ ಕೃತಿಯ ಜೊತೆಗೇ ಉಳಿದುಬಂದಿದೆ. ಒಪ್ಪಿದವನೂ ಕೃತಿಯ ಹೊಣೆಯಲ್ಲಿ ಪಾಲುಗಾರನೇ.

ನಮ್ಮ ಮಸಿನಗುಡಿ, ಗೂಡಲೂರು, ಉದಕಮಂಡಲಗಳ ಮಕ್ಕಳು ಇಂದು ಬೆಂಗಳೂರು, ಕೊಯಮತ್ತೂರುಗಳ ಸಾಫ್ಟ್‌ವೇರ್ ಸಂಸ್ಥೆಗಳಲ್ಲಿ ದುಡಿಯುತ್ತಿದ್ದಾರೆ. ಅಲ್ಲಿಯೂ ಈ ಪದ್ಧತಿಯುಂಟು. 2005ರಲ್ಲಿ ಲಿನಸ್ ಟೊರ್ವಾಲ್ಡ್ಸ್ ರೂಪಿಸಿದ ‘ಗಿಟ್’ ಎಂಬ ತಂತ್ರಾಂಶವು, ಯಾರು ಯಾವ ಸಾಲನ್ನು ಎಂದು ಬದಲಿಸಿದರೆಂಬುದನ್ನು ದಾಖಲಿಸಿಡುತ್ತದೆ. ಹೊಸ ಬದಲಾವಣೆಯನ್ನು ಮೂಲಕ್ಕೆ ಸೇರಿಸುವ ಮುನ್ನ ಸಹೋದ್ಯೋಗಿಗಳ ಪರಿಶೀಲನೆಯನ್ನು ಕೋರುತ್ತಾರೆ. ಬದಲಾವಣೆ ಬೇರೆ ತಂಡದ ಭಾಗವನ್ನು ಮುಟ್ಟಿದರೆ ಆ ತಂಡದ ಒಪ್ಪಿಗೆಯೂ ಬೇಕಾಗುತ್ತದೆ.

ತೊಡಕು ಆರಂಭವಾಗುವುದು ಇಲ್ಲಿಯೇ. ಕೋರಿಕೆ ಇಡೀ ತಂಡಕ್ಕೆ ಹೋದಾಗ, ಮತ್ತೊಬ್ಬರು ನೋಡಿಯಾರೆಂದು ಪ್ರತಿಯೊಬ್ಬರೂ ಸುಮ್ಮನಿರುತ್ತಾರೆ. ಎಲ್ಲರ ಕೆಲಸ ಯಾರ ಕೆಲಸವೂ ಆಗದೆ ಉಳಿಯುತ್ತದೆ. ಕೊನೆಗೆ ಒತ್ತಡ ಹೆಚ್ಚಿದಾಗ ಒಬ್ಬರು ಓದದೆಯೇ ಒಪ್ಪಿಗೆ ಒತ್ತಿಬಿಡುತ್ತಾರೆ. ತಡವೂ ತಪ್ಪು, ಓದದ ಒಪ್ಪಿಗೆಯೂ ತಪ್ಪು. ಎರಡರಲ್ಲಿ ಎರಡನೆಯದೇ ಹೆಚ್ಚು ಘಾತುಕ. ಏಕೆಂದರೆ ಅದು ಇಲ್ಲದ ಭರವಸೆಯನ್ನು ಹುಟ್ಟಿಸುತ್ತದೆ.

ಶ್ರದ್ಧೆಯಿಂದ ನೋಡಿದರೂ ಒಂದು ಜೊತೆ ಕಣ್ಣು ಸಾಲದೆಂಬುದಕ್ಕೆ ‘ಹಾರ್ಟ್‌ಬ್ಲೀಡ್’ ನಿದರ್ಶನ. ಅಂತರಜಾಲದ ಗುಟ್ಟುಗಳನ್ನು ಕಾಯುವ ‘ಓಪನ್ ಎಸ್‌ಎಸ್‌ಎಲ್’ ತಂತ್ರಾಂಶಕ್ಕೆ 2011ರ ಡಿಸೆಂಬರ್ ಕೊನೆಯಲ್ಲಿ ಒಂದು ಬದಲಾವಣೆ ಸೇರಿತು. ಕೇಳುವವರು ಹೇಳಿದ ಅಳತೆ ನಿಜವೇ ಎಂದು ತಾಳೆ ನೋಡದೆ ಉತ್ತರ ಕೊಡುವ ದೋಷ ಅದರಲ್ಲಿತ್ತು. ಪರಿಶೀಲಕರೊಬ್ಬರು ನೋಡಿದ್ದರೂ ಅದು ಕಣ್ತಪ್ಪಿತು. ಬೆಳಕಿಗೆ ಬಂದದ್ದು 2014ರ ಏಪ್ರಿಲ್‌ನಲ್ಲಿ. ಅಷ್ಟು ಕಾಲ ಲಕ್ಷಾಂತರ ಸರ್ವರ್‌ಗಳಲ್ಲಿನ ಗುಪ್ತಪದಗಳು ಸೋರಿಹೋಗಲು ಎಡೆಯಿತ್ತು. ಜಗತ್ತೆಲ್ಲ ಬಳಸುತ್ತಿದ್ದುದನ್ನು ಕಾಯುತ್ತಿದ್ದವರು ಬೆರಳೆಣಿಕೆಯ ಜನ.

ಹಾಗಾದರೆ ನಡೆಯಬೇಕಾದ ದಾರಿ ಯಾವುದು? ನಮ್ಮೂರಿನಿಂದ ಉದಕಮಂಡಲಕ್ಕೆ ಏರುವ ಕಲ್ಲಟ್ಟಿ ಘಾಟಿಯ 36 ತಿರುವುಗಳು ಒಂದು ಪಾಠ ಹೇಳುತ್ತವೆ. ಇಕ್ಕಟ್ಟಿನಲ್ಲಿ ಎದುರಾದಾಗ ಇಳಿಯುವ ವಾಹನ ನಿಂತು, ಏರುವ ವಾಹನಕ್ಕೆ ದಾರಿ ಬಿಡಬೇಕು. ಏರಿನ ನಡುವೆ ನಿಂತ ವಾಹನ ಮತ್ತೆ ಹೊರಡುವುದು ಕಷ್ಟವೆಂಬುದೇ ಇದಕ್ಕೆ ಕಾರಣ. ಪರಿಶೀಲನೆಗೆ ಕಾದು ನಿಂತವನೂ ನಡು ಏರಿನಲ್ಲಿರುವವನೇ. ನೋಡಬೇಕಾದವನು ತನ್ನ ಕೆಲಸವನ್ನು ತುಸು ನಿಲ್ಲಿಸಿ ಅವನಿಗೆ ದಾರಿ ಮಾಡಿಕೊಡುವುದು ಔದಾರ್ಯವಲ್ಲ, ಧರ್ಮ. ಸಾಧ್ಯವಾಗದಿದ್ದರೆ “ಇಂದು ಆಗದು, ನಾಳೆ ನೋಡುತ್ತೇನೆ” ಎನ್ನುವುದೂ ಉತ್ತರವೇ, ಮೌನ ಉತ್ತರವಲ್ಲ.

ಏರುವವನಿಗೂ ಕರ್ತವ್ಯವಿದೆ. ಅತಿಭಾರ ಹೇರಿಕೊಂಡು ಬಂದು ದಾರಿ ಕೇಳಬಾರದು. ಬದಲಾವಣೆಯನ್ನು ಚಿಕ್ಕ ಭಾಗಗಳಾಗಿ ವಿಂಗಡಿಸಿ, ಏಕೆ ಮಾಡಿದೆನೆಂದು ಎರಡು ಮಾತು ಬರೆದು, ತಂಡದ ಒಬ್ಬರನ್ನು ಹೆಸರಿಸಿ ಕೇಳಬೇಕು. ತಂಡವೂ ಸರದಿಯಂತೆ ಒಬ್ಬರನ್ನು ಈ ಕೆಲಸಕ್ಕೆ ನೇಮಿಸಬೇಕು. ಸೂಕ್ಷ್ಮವಾದ ಕಡೆ ಇಬ್ಬರಾದರೂ ಓದಬೇಕು.

ಸಂಘದ ಲೆಕ್ಕಪತ್ರಕ್ಕೆ ಸಹಿ ಹಾಕುವ ನಮಗೂ ಈ ಮಾತು ಸಲ್ಲುತ್ತದೆ. ಓದಿ ಹಾಕಿದ ಸಹಿ ಬರೆದವನ ಭಾರವನ್ನು ಹಂಚಿಕೊಳ್ಳುತ್ತದೆ; ಓದದೆ ಹಾಕಿದ ಸಹಿ ಅವನನ್ನು ಒಂಟಿಯಾಗಿಸುತ್ತದೆ.